ವೈಮಾನಿಕ ಛಾಯಾಚಿತ್ರಗಳಲ್ಲಿ ಬಾಂಬು ಕುಳಿ, ಬಾವಿ, ಕಣ ಹಾಗೂ ಇತರ ದುಂಡು ಗುರುತುಗಳನ್ನು ಗುರುತಿಸುವ ಬಗೆ – ಬೀಳಗಿ ತಾಲ್ಲೂಕಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಭೂಸ್ವಾಧೀನ, ಪರಿಹಾರ, ಪಹಣಿ ತಿದ್ದುಪಡಿ ಮತ್ತು ಹದ್ದುಬಸ್ತಿಗೆ ಸಂಬಂಧಿಸಿದ ಅರ್ಜಿಗಳೊಂದಿಗೆ ವಿಮಾನದಿಂದ ಅಥವಾ ಉಪಗ್ರಹದಿಂದ ತೆಗೆದ ಚಿತ್ರಗಳನ್ನು ಲಗತ್ತಿಸುವ ರೂಢಿ ಇತ್ತೀಚಿನ ವರ್ಷಗಳಲ್ಲಿ ಬೆಳೆದಿದೆ. ಇಂತಹ ಚಿತ್ರದಲ್ಲಿ ಹೊಲದ ನಡುವೆ ಕಾಣುವ ದುಂಡನೆಯ ಕಪ್ಪು ಚುಕ್ಕೆಯ ಸುತ್ತ ಕೆಂಪು ಶಾಯಿಯ ಗೆರೆ ಎಳೆದು, "ಇದು ನಮ್ಮ ಬಾವಿ" ಎಂದು ಬರೆದು ಸಲ್ಲಿಸುವುದು ಸಾಮಾನ್ಯ. ಆ ಚುಕ್ಕೆಯು ಬಾವಿಯೇ ಆಗಿರಬಹುದು. ಆದರೆ ಅದು ಕಣವೂ ಆಗಿರಬಹುದು, ಬಣವೆಯೂ ಆಗಿರಬಹುದು, ಮಣ್ಣು ತೆಗೆದ ಗುಂಡಿಯೂ ಒಂಟಿ ಮರದ ನೆರಳೂ ಆಗಿರಬಹುದು. ಇವುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಓದುವ ವಿಧಾನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ವಿಧಾನವು ಮೂಲತಃ ರೈತರಿಗಾಗಿ ಹುಟ್ಟಿದ್ದಲ್ಲ. ಯುದ್ಧಕಾಲದಲ್ಲಿ ಬಾಂಬು ಬಿದ್ದ ಕುಳಿಗಳನ್ನು ಆಕಾಶದಿಂದ ಎಣಿಸುವ ಕೆಲಸದಲ್ಲಿ ಅದು ಬೆಳೆಯಿತು. ಬೀಳಗಿ ತಾಲ್ಲೂಕು ವೈಮಾನಿಕ ಬಾಂಬು ದಾಳಿಗೆ ಒಳಗಾದ ಪ್ರದೇಶವಲ್ಲ. ಆದಾಗ್ಯೂ, ಕುಳಿಯನ್ನು ಕುಳಿಯೆಂದು ಸಿದ್ಧಪಡಿಸಲು ಬಳಸುವ ಪರೀಕ್ಷೆಗಳೇ ಬಾವಿಯನ್ನು ಬಾವಿಯೆಂದು ಸಿದ್ಧಪಡಿಸಲು ಸಹ ಅನ್ವಯವಾಗುತ್ತವೆ. ಆದುದರಿಂದ ಮೊದಲು ಬಾಂಬು ಕುಳಿಯ ಲಕ್ಷಣಗಳನ್ನು, ಅನಂತರ ನಮ್ಮ ನೆಲದ ಗುರುತುಗಳನ್ನು ತಿಳಿಯುವುದು ಸೂಕ್ತ.

ಬಾಂಬು ಕುಳಿಯ ಲಕ್ಷಣಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮೆಡ್‌ಮೆನ್‌ಹ್ಯಾಮ್ ಎಂಬಲ್ಲಿ ಬ್ರಿಟಿಷ್ ವಾಯುಪಡೆಯ ಛಾಯಾಚಿತ್ರ ವಿಶ್ಲೇಷಣಾ ಕೇಂದ್ರವಿತ್ತು. ವಿಮಾನವು ನೇರವಾಗಿ ಹಾರುತ್ತಾ, ಒಂದರ ಮೇಲೊಂದು ಸುಮಾರು ಶೇಕಡ 60ರಷ್ಟು ಅತಿವ್ಯಾಪಿಸುವಂತೆ ಚಿತ್ರಗಳನ್ನು ತೆಗೆಯುತ್ತಿತ್ತು. ಅಕ್ಕಪಕ್ಕದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಕೆಳಗಿಟ್ಟು ನೋಡಿದಾಗ ನೆಲವು ಉಬ್ಬುತಗ್ಗುಗಳೊಡನೆ ಎದ್ದು ಕಾಣುತ್ತಿತ್ತು. ತಗ್ಗು ತಗ್ಗಾಗಿಯೂ ದಿಬ್ಬ ದಿಬ್ಬವಾಗಿಯೂ ತೋರುವುದರಿಂದ ಊಹೆಯ ಅಗತ್ಯ ಬಹಳಷ್ಟು ಕಡಿಮೆಯಾಗುತ್ತಿತ್ತು. ಭೂಮಾಪನಕ್ಕಾಗಿ ತೆಗೆಯುವ ವೈಮಾನಿಕ ಚಿತ್ರಗಳಲ್ಲಿಯೂ ಇದೇ ಅತಿವ್ಯಾಪ್ತಿಯ ನಿಯಮವನ್ನು ಅನುಸರಿಸಲಾಗುತ್ತದೆ.

ಸಿಡಿದ ಬಾಂಬು ಮಣ್ಣನ್ನು ಎಲ್ಲ ದಿಕ್ಕಿಗೂ ಸಮನಾಗಿ ಎಸೆಯುತ್ತದೆ. ಆದುದರಿಂದ ಹೊಸ ಕುಳಿಯು ಬಹುತೇಕ ಪೂರ್ಣ ವೃತ್ತಾಕಾರವಾಗಿರುತ್ತದೆ, ಅದರ ಸುತ್ತಲೂ ಅಂಚು ಎದ್ದಿರುತ್ತದೆ, ಅಂಚಿನಾಚೆ ಕೆಳಪದರದ ತಿಳಿ ಬಣ್ಣದ ಮಣ್ಣು ಬಳೆಯಂತೆ ಹರಡಿರುತ್ತದೆ. 500 ಪೌಂಡಿನ ಬಾಂಬು ಸಾಧಾರಣ ಮಣ್ಣಿನಲ್ಲಿ ಸುಮಾರು 10 ಮೀಟರ್ ಅಗಲದ ಕುಳಿಯನ್ನು ಉಂಟುಮಾಡುತ್ತದೆ. ಇನ್ನೊಂದು ಲಕ್ಷಣ, ಬಹುಶಃ ಎಲ್ಲಕ್ಕಿಂತ ನಂಬಲರ್ಹವಾದುದು, ಸಾಲು. ಹಾರುವ ವಿಮಾನದಿಂದ ಒಂದರ ಹಿಂದೊಂದು ಬೀಳುವ ಬಾಂಬುಗಳು ನೆಲದ ಮೇಲೆ ಸುಮಾರು ಸಮಾನ ಅಂತರದ ನೇರ ಸಾಲನ್ನು ಬಿಡುತ್ತವೆ. ಆ ಸಾಲು ಹೊಲದ ಬದುವನ್ನಾಗಲಿ, ರಸ್ತೆಯನ್ನಾಗಲಿ, ಹಳ್ಳವನ್ನಾಗಲಿ ಲೆಕ್ಕಿಸದೆ ದಾಟಿ ಹೋಗುತ್ತದೆ. ಮನುಷ್ಯರು ತೋಡಿದ ಗುಂಡಿಗಳು ಹಾಗೆ ಹೋಗುವುದಿಲ್ಲ. ಅವು ಬದುವಿನೊಳಗೆ, ದಾರಿಯ ಬದಿಗೆ, ನೀರಿನ ಸೆಲೆಗೆ ಹೊಂದಿಕೊಂಡು ಇರುತ್ತವೆ.

ಸಿಡಿಯದೆ ಉಳಿದ ಬಾಂಬು ಬಿಡುವ ಗುರುತು ಮಾತ್ರ ಬಹಳ ಚಿಕ್ಕದು. ಅದು ನೆಲದೊಳಕ್ಕೆ ಹೊಕ್ಕ ರಂಧ್ರ ಒಂದು ಮೀಟರಿಗಿಂತ ಕಡಿಮೆ ಅಗಲವಿರುವುದರಿಂದ ಚಿತ್ರದಲ್ಲಿ ಸೂಜಿಮೊನೆಯಷ್ಟೂ ಕಾಣಿಸುವುದಿಲ್ಲ. ಸಾಲಿನಲ್ಲಿ ಒಂದು ಕುಳಿ ಇರಬೇಕಾದ ಜಾಗ ಖಾಲಿಯಿದ್ದರೆ ವಿಶ್ಲೇಷಕರು ಅಲ್ಲಿ ನಿಂತು ನೋಡುತ್ತಾರೆ. ಜರ್ಮನಿಯಲ್ಲಿ ಇದು ಇಂದಿಗೂ ಜೀವನ್ಮರಣದ ವಿಷಯ. 2011ರ ಡಿಸೆಂಬರಿನಲ್ಲಿ ಕೋಬ್ಲೆನ್ಸ್ ನಗರದ ಬಳಿ ರೈನ್ ನದಿಯ ನೀರು ಇಳಿದಾಗ 1.8 ಟನ್ ತೂಕದ ಬ್ರಿಟಿಷ್ ಬಾಂಬು ಪತ್ತೆಯಾಗಿ, ಅದನ್ನು ನಿಷ್ಕ್ರಿಯಗೊಳಿಸುವ ಮೊದಲು ಸುಮಾರು 45,000 ಜನರನ್ನು ಮನೆಗಳಿಂದ ತೆರವುಗೊಳಿಸಬೇಕಾಯಿತು. ಅಲ್ಲಿಯ ಹಲವು ರಾಜ್ಯಗಳಲ್ಲಿ, ಬಾಂಬು ಬಿದ್ದ ಪ್ರದೇಶದ ನಿವೇಶನದಲ್ಲಿ ಕಟ್ಟಡ ಕಟ್ಟುವ ಮುನ್ನ ಯುದ್ಧಕಾಲದ ವೈಮಾನಿಕ ಚಿತ್ರಗಳೊಡನೆ ಆ ನಿವೇಶನವನ್ನು ತಾಳೆ ನೋಡಲಾಗುತ್ತದೆ. ಮಿತ್ರರಾಷ್ಟ್ರಗಳು ತೆಗೆದ ಆ ಚಿತ್ರಗಳ ಬಹುದೊಡ್ಡ ಸಂಗ್ರಹ ಇಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದೆ. ಶತ್ರುವಿಗೆ ಎಷ್ಟು ಹಾನಿಯಾಯಿತೆಂದು ತಿಳಿಯಲು ತೆಗೆದ ಚಿತ್ರವೇ 80 ವರ್ಷಗಳ ತರುವಾಯ ಅದೇ ಊರಿನ ಸಾಮಾನ್ಯ ನಾಗರಿಕನ ಅರ್ಜಿಯ ದಾಖಲೆಯಾಗಿದೆ.

ನಮಗೆ ಸಮೀಪದ ಒಂದು ನಿದರ್ಶನ

ಉತ್ತರ ಕರ್ನಾಟಕಕ್ಕೆ ಸಮೀಪದಲ್ಲಿ ವಿಮಾನದಿಂದ ಬಾಂಬು ಬಿದ್ದ ಸ್ಥಳವೆಂದರೆ ಗೋವಾ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಪುಣೆಯಿಂದ ಹೊರಟ ಭಾರತೀಯ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ದಾಬೋಳಿ ವಿಮಾನ ನಿಲ್ದಾಣದ ಓಡುಹಾದಿಯ ಮೇಲೆ ಎರಡು ಬಾರಿ ಬಾಂಬು ದಾಳಿ ನಡೆಸಿದವು. ಅದೇ ದಿನ ಬೆಳಗಾವಿ ಬಳಿಯ ಸಾಂಬ್ರಾ ನೆಲೆಯಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು. ದಾಬೋಳಿಯಲ್ಲಿ ಓಡುಹಾದಿಗೆ ಮಾತ್ರ ಪೆಟ್ಟು ಕೊಡುವುದು, ನಿಲ್ದಾಣದ ಕಟ್ಟಡಗಳನ್ನು ಉಳಿಸುವುದು ಉದ್ದೇಶವಾಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಓಡುಹಾದಿಯಲ್ಲಿ ಉಂಟಾದ ಕುಳಿಗಳ ನಡುವೆಯೇ ತಾತ್ಕಾಲಿಕ ದುರಸ್ತಿ ಮಾಡಿಕೊಂಡು ಅಂದಿನ ರಾತ್ರಿಯೇ ಪೋರ್ಚುಗೀಸರ ಎರಡು ನಾಗರಿಕ ವಿಮಾನಗಳು ಅಲ್ಲಿಂದ ಹಾರಿಹೋದವು. ಅಂದರೆ ಬೆಳಿಗ್ಗೆ ಉಂಟಾದ ಕುಳಿಯು ಸಂಜೆಗೆ ಕುಳಿಯಾಗಿ ಉಳಿದಿರುವುದಿಲ್ಲ. ಮುಚ್ಚಿದ ಕುಳಿ ಚಿತ್ರದಲ್ಲಿ ನೆರಳಿಲ್ಲದ, ಬಣ್ಣ ಮಾತ್ರ ಬೇರೆಯಾದ ತೇಪೆಯಂತೆ ಕಾಣುತ್ತದೆ. ಹೊಲದಲ್ಲಿ ಮುಚ್ಚಿದ ಬಾವಿಯೂ ಹೀಗೆಯೇ. "ಚಿತ್ರದಲ್ಲಿ ಗುಂಡಿ ಕಾಣುವುದಿಲ್ಲ, ಆದ್ದರಿಂದ ಬಾವಿ ಇರಲಿಲ್ಲ" ಎಂಬ ವಾದವನ್ನು ಚಿತ್ರದ ದಿನಾಂಕ ನೋಡದೆ ಒಪ್ಪಲಾಗದು. "ಕಂಡಿದೆ, ಆದ್ದರಿಂದ ಇದೆ" ಎಂಬ ವಾದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬೀಳಗಿಯ ನೆಲದಲ್ಲಿ ಕಾಣುವ ದುಂಡು ಗುರುತುಗಳು

ಬೀಳಗಿ, ಮುಧೋಳ, ಜಮಖಂಡಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ನೆಲವು ಎರೆ ಮತ್ತು ಮಸಾರಿ ಮಣ್ಣಿನದು. ಅದರ ಮೇಲೆ ಶತಮಾನಗಳ ಬೇಸಾಯ ಬಿಟ್ಟಿರುವ ಗುರುತುಗಳಲ್ಲಿ ದುಂಡಗಿನವು ಹೇರಳವಾಗಿವೆ. ಬಾಂಬು ಕುಳಿಯನ್ನು ಮಾತ್ರ ಬಲ್ಲ ವಿಶ್ಲೇಷಕನಿಗೆ ಈ ಸೀಮೆಯ ಹಳೆಯ ಚಿತ್ರವೊಂದನ್ನು ಕೊಟ್ಟರೆ ಆತನು ಇಲ್ಲಿ ಮಹಾಯುದ್ಧವೇ ನಡೆದಿರಬೇಕೆಂದು ಭಾವಿಸಿದರೂ ಆಶ್ಚರ್ಯವಿಲ್ಲ.

ಇವುಗಳಲ್ಲಿ ಅತಿ ಹೆಚ್ಚು ಗೊಂದಲ ಉಂಟುಮಾಡುವುದು ಕಣ. ಸುಗ್ಗಿಯ ಕಾಲದಲ್ಲಿ ಹೊಲದ ಒಂದು ಮೂಲೆಯನ್ನು ಸಮತಟ್ಟು ಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳ ಹಂತಿ ಹೂಡಿ ತೆನೆ ತುಳಿಸುತ್ತಿದ್ದರು. ಯಂತ್ರಗಳು ಬರುವ ಮುನ್ನ ತೆಗೆದ ಚಿತ್ರಗಳಲ್ಲಿ, ವಿಶೇಷವಾಗಿ ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರಗಳಲ್ಲಿ, ಕಣವು ಅಚ್ಚುಕಟ್ಟಾದ ತಿಳಿ ಬಣ್ಣದ ಬಿಲ್ಲೆಯಂತೆ ಕಾಣುತ್ತದೆ. ನಡುವೆ ಮೇಟಿಯ ಸ್ಥಳದಲ್ಲಿ ಒಂದು ಚುಕ್ಕೆ ಇರುವುದೂ ಉಂಟು. ಅಳತೆಯಲ್ಲಿ ಅದು ಬಾಂಬು ಕುಳಿಗೂ ದೊಡ್ಡ ಬಾವಿಗೂ ಸರಿಸಮಾನ. ಆದರೆ ಕಣಕ್ಕೆ ಆಳವಿಲ್ಲ, ಆದ್ದರಿಂದ ಒಳಗೆ ನೆರಳಿಲ್ಲ. ಮಳೆಗಾಲದ ಚಿತ್ರದಲ್ಲಿ ಅದೇ ಸ್ಥಳ ಪೂರ್ತಿ ಹಸಿರಾಗಿರುತ್ತದೆ. ಎರಡು ಋತುಗಳ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಕಣದ ಪ್ರಶ್ನೆ ಬಗೆಹರಿಯುತ್ತದೆ.

ಕಣದ ಮಗ್ಗುಲಿನ ಬಣವೆಯೂ ಮೇಲಿನಿಂದ ದುಂಡಗೆಯೋ ಉದ್ದವಾಗಿಯೋ ಕಾಣುತ್ತದೆ. ಅದರ ನೆರಳು ಹೊರಕ್ಕೆ ಬೀಳುವುದರಿಂದ ಅದನ್ನು ಗುಂಡಿಯೆಂದು ತಪ್ಪಾಗಿ ತಿಳಿಯಲು ಕಾರಣವಿಲ್ಲ. ಹಳೆಯ ಊರುಗಳಲ್ಲಿ ಕಾವಲಿಗೆ ಕಟ್ಟಿದ ಹುಡೇವುಗಳಿಗೂ ಇದೇ ನಿಯಮ.

ತೆರೆದ ಬಾವಿಯು ಚಿತ್ರದಲ್ಲಿ ಕಪ್ಪಾಗಿ, ಅಂಚು ಹರಿತವಾಗಿ ಕಾಣುತ್ತದೆ. ಗೋಡೆ ಕಡಿದಾಗಿರುವುದೇ ಇದಕ್ಕೆ ಕಾರಣ. ಬಾಂಬು ಕುಳಿಯ ಒಳಮೈ ಬೋಗುಣಿಯಂತೆ ಇಳಿಜಾರಾಗಿರುವುದರಿಂದ ಅದರ ನೆರಳು ನಿಧಾನವಾಗಿ ತಿಳಿಯಾಗುತ್ತಾ ಹೋಗುತ್ತದೆ, ಬಾವಿಯ ನೆರಳು ಕತ್ತರಿಸಿದಂತೆ ನಿಲ್ಲುತ್ತದೆ. ಬಾವಿ ತೋಡಿದ ಮಣ್ಣು ಸುತ್ತಲೂ ಬಳೆಯಾಗಿ ಬೀಳದೆ ಒಂದು ಅಥವಾ ಎರಡು ಮಗ್ಗುಲಿಗೆ ದಿಬ್ಬವಾಗಿ ಬಿದ್ದಿರುತ್ತದೆ. ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿ ಎತ್ತಿನ ದಾರಿ. ವಿದ್ಯುತ್ ಪಂಪು ಬರುವ ಮುನ್ನ ಎತ್ತುಗಳಿಂದ ಕಪಿಲೆ ಎಳೆಸಿ ನೀರೆತ್ತುತ್ತಿದ್ದ ಬಾವಿಗಳಿಗೆ ಅಂಚಿನಿಂದ ಹೊರಟ ನೇರವಾದ, ಗಟ್ಟಿ ತುಳಿದ ಇಳಿಜಾರು ದಾರಿ ಇರುತ್ತಿತ್ತು. ಮೇಲಿನಿಂದ ನೋಡಿದಾಗ ಬಾವಿ ಮತ್ತು ದಾರಿ ಸೇರಿ ಬೀಗದ ಕಂಡಿಯ ಆಕಾರ ತಾಳುತ್ತವೆ. ಬಾವಿಯಿಂದ ಹೊರಟ ಕಾಲುವೆಯ ಗೆರೆ, ಅದರ ಕೆಳಗೆ ಸುತ್ತಲಿನ ಒಣ ಹೊಲಗಳಿಗಿಂತ ಕಪ್ಪಾಗಿ ಕಾಣುವ ತೋಟದ ಚೂರು, ಇವೂ ಜೊತೆಗಿದ್ದರೆ ಆ ಬಾವಿಯಿಂದ ನೀರಾವರಿ ನಡೆಯುತ್ತಿತ್ತೆಂದು ಹೇಳಲು ಆಧಾರ ದೊರೆತಂತೆ.

ಕಬ್ಬಿನ ಸೀಮೆಯಾದ ಇಲ್ಲಿ ಎತ್ತಿನ ಗಾಣದ ಸುತ್ತುದಾರಿಯೂ ಬಳೆಯಂತೆ ಕಾಣುತ್ತದೆ. ಬಳೆ ಸವೆದು ತಿಳಿಯಾಗಿರುತ್ತದೆ, ನಡುವಿನ ಭಾಗ ಹಾಗೆಯೇ ಇರುತ್ತದೆ. ಕಣದಲ್ಲಿ ಬಿಲ್ಲೆ ಪೂರ್ತಿ ಸವೆದಿರುತ್ತದೆ. ಪಕ್ಕದಲ್ಲಿ ಆಲೆಮನೆಯ ಒಲೆಯ ಕರಿ ಬಣ್ಣ, ರಚ್ಚಿನ ರಾಶಿ ಇದ್ದರೆ ಸಂಶಯಕ್ಕೆ ಎಡೆಯಿಲ್ಲ.

ಊರೊಳಗೆ, ವಿಶೇಷವಾಗಿ ಜನ ಬಿಟ್ಟುಹೋದ ಹಳೆಯ ಊರುಗಳಲ್ಲಿ, ಮೂರು ನಾಲ್ಕು ಮೀಟರ್ ಅಗಲದ ಸಣ್ಣ ಕುಸಿತಗಳು ಗುಂಪಾಗಿ ಕಂಡರೆ ಅವು ಹಗೇವುಗಳಾಗಿರುವ ಸಂಭವ ಹೆಚ್ಚು. ಜೋಳವನ್ನು ನೆಲದಡಿಯಲ್ಲಿ ತುಂಬಿಡುತ್ತಿದ್ದ ಈ ಹಗೇವುಗಳ ಬಾಯಿ ಕುಸಿದಾಗ ಕುಳಿ ಬೀಳುತ್ತದೆ. ಇಂತಹ ಸ್ಥಳಗಳಲ್ಲಿ ಓಡಾಡುವಾಗ ಎಚ್ಚರ ಅಗತ್ಯ. ಮೇಲೆ ಕುಸಿಯದೆ ಒಳಗೆ ಪೊಳ್ಳಾಗಿರುವ ಹಗೇವುಗಳೂ ಇರುತ್ತವೆ, ಅವು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಲ್ಲು ಗಣಿಗೆ ಮೂಲೆಗಳಿರುತ್ತವೆ, ಲಾರಿ ಇಳಿಯುವ ದಾರಿ ಇರುತ್ತದೆ. ಇಟ್ಟಿಗೆ ಭಟ್ಟಿಯ ಗುಂಡಿ ಆಳವಿಲ್ಲದ, ಅಂಕುಡೊಂಕಾದ ತಗ್ಗು, ಬಳಿಯಲ್ಲಿ ಸುಟ್ಟ ಮಣ್ಣಿನ ಕೆಂಪು ಇರುತ್ತದೆ. 2014ರ ನಂತರ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಕೃಷಿ ಹೊಂಡಗಳು ಚೌಕಾಕಾರವಾಗಿದ್ದು ಅವುಗಳನ್ನು ಗುರುತಿಸುವುದು ಕಷ್ಟವಲ್ಲ.

ನೆರಳನ್ನು ಓದುವ ಕ್ರಮ

ತಗ್ಗನ್ನು ದಿಬ್ಬವೆಂದೂ ದಿಬ್ಬವನ್ನು ತಗ್ಗೆಂದೂ ಕಾಣುವುದು ಕಣ್ಣಿನ ಸಹಜ ದೋಷ. ಬೆಳಕು ಮೇಲಿನಿಂದ ಬರುತ್ತದೆಯೆಂದು ಭಾವಿಸಿ ನೋಡುವುದು ನಮ್ಮ ರೂಢಿ. ಆದರೆ ಉತ್ತರ ದಿಕ್ಕು ಮೇಲಿರುವಂತೆ ಮುದ್ರಿಸಿದ ನಮ್ಮ ದೇಶದ ಚಿತ್ರಗಳಲ್ಲಿ ವರ್ಷದ ಬಹುಭಾಗ ಬೆಳಕು ಕೆಳಗಿನಿಂದ, ಅಂದರೆ ದಕ್ಷಿಣದಿಂದ, ಬಂದಿರುತ್ತದೆ. ಸಂಶಯ ಬಂದಾಗ ಚಿತ್ರವನ್ನು ತಲೆಕೆಳಗು ಮಾಡಿ ನೋಡುವುದು ಸರಳ ಉಪಾಯ. ಉಬ್ಬಿ ಕಂಡದ್ದು ತಗ್ಗಾಗಿ ಕಾಣುತ್ತದೆ.

ಖಚಿತವಾದ ಪರೀಕ್ಷೆ ಹೀಗಿದೆ. ಮೊದಲು ಅದೇ ಚಿತ್ರದಲ್ಲಿ ಒಂದು ಮರವನ್ನೋ ಮನೆಯನ್ನೋ ಹುಡುಕಿ ಅದರ ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದನ್ನು ನೋಡಬೇಕು. ಅದರ ವಿರುದ್ಧ ದಿಕ್ಕಿನಲ್ಲಿ ಸೂರ್ಯನಿದ್ದಾನೆ. ಪರೀಕ್ಷಿಸಬೇಕಾದ ದುಂಡು ಗುರುತಿನಲ್ಲಿ ಕಪ್ಪು ಭಾಗವು ಸೂರ್ಯನ ಕಡೆಯ ಒಳ ಅಂಚಿಗೆ ಅಂಟಿಕೊಂಡಿದ್ದರೆ ಅದು ತಗ್ಗು. ಸೂರ್ಯನ ವಿರುದ್ಧ ದಿಕ್ಕಿಗೆ, ಹೊರಕ್ಕೆ ಚಾಚಿದ್ದರೆ ಅದು ಎತ್ತರದ ವಸ್ತು. ಕಪ್ಪು ಇಡೀ ವೃತ್ತವನ್ನು ಸಮನಾಗಿ ತುಂಬಿದ್ದರೆ ನೀರಾಗಿರಬಹುದು ಅಥವಾ ಬಣ್ಣದ ವ್ಯತ್ಯಾಸ ಮಾತ್ರ ಆಗಿರಬಹುದು. ಅಷ್ಟರಿಂದಲೇ ತೀರ್ಮಾನ ಸಲ್ಲದು.

ನೆರಳಿನ ಉದ್ದದಿಂದ ಆಳವನ್ನು ಅಂದಾಜು ಮಾಡಬಹುದು. ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ನೆರಳಿನ ಉದ್ದವೂ ಅಂಚಿನಿಂದ ತಳದ ಆಳವೂ ಸಮ. ನೆರಳು ತಳವನ್ನೆಲ್ಲ ಮುಚ್ಚಿ ಎದುರು ಗೋಡೆಯನ್ನು ಏರಿದ್ದರೆ ಕನಿಷ್ಠ ಆಳ ಮಾತ್ರ ತಿಳಿಯುತ್ತದೆ. ಬಾವಿಗಳಲ್ಲಿ ಸಾಮಾನ್ಯವಾಗಿ ಆಗುವುದು ಇದೇ.

ಬೀಳಗಿಯು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಈ ಎರಡರ ನಡುವಣ ಅವಧಿಯಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ನಡುಹಗಲಿಗೆ ತೆಗೆದ ಚಿತ್ರದಲ್ಲಿ ತಗ್ಗುಗಳು ಬಹುತೇಕ ಅಳಿಸಿಹೋಗುತ್ತವೆ. ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಚಿತ್ರಗಳು ನೆರಳಿನ ದೃಷ್ಟಿಯಿಂದ ಉತ್ತಮ. ಹಿಂಗಾರಿ ಜೋಳ ನಿಂತಿರುವ ಆ ಕಾಲದಲ್ಲಿ ಇನ್ನೊಂದು ಲಾಭವೂ ಉಂಟು: ಹಿಂದೆಂದೋ ಮುಚ್ಚಿದ ಬಾವಿ ಅಥವಾ ಕುಳಿಯ ಮೇಲೆ ಸಡಿಲ ಮಣ್ಣು ಹೆಚ್ಚು ತೇವ ಹಿಡಿದಿದ್ದರೆ ಅಷ್ಟು ಜಾಗದ ಬೆಳೆ ಸುತ್ತಲಿನದಕ್ಕಿಂತ ದಟ್ಟವಾಗಿ, ದುಂಡಗೆ ಎದ್ದು ಕಾಣುತ್ತದೆ. ಕಲ್ಲುಮಣ್ಣು ತುಂಬಿ ಮುಚ್ಚಿದ್ದರೆ ಅದೇ ಜಾಗ ಬೋಳಾಗಿ ಕಾಣುತ್ತದೆ.

ಅಳತೆ ಪ್ರಮಾಣ

1:10,000 ಪ್ರಮಾಣದ ಚಿತ್ರದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ಆದುದರಿಂದ 10 ಮೀಟರ್ ಅಗಲದ ಬಾವಿಯು ಒಂದು ಮಿಲಿಮೀಟರ್ ಚುಕ್ಕೆ. 1:25,000 ಪ್ರಮಾಣದಲ್ಲಿ ಅದು 0.4 ಮಿಲಿಮೀಟರ್. ಭೂತಗನ್ನಡಿಯಿಂದ ನೋಡಿ "ಕಂಡಿತು" ಎನ್ನಬಹುದೇ ಹೊರತು ಅದರ ಅಂಚು, ನೆರಳು, ಎತ್ತಿನ ದಾರಿ ಯಾವುದನ್ನೂ ಖಚಿತವಾಗಿ ಹೇಳಲಾಗದು. ಚಿತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸುವುದರಿಂದ ಚುಕ್ಕೆ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. ಹೀಗೆ ಹಿಗ್ಗಿಸಿದ ಪ್ರತಿಯಲ್ಲಿ ಪ್ರಮಾಣವೂ ಬದಲಾಗುವುದರಿಂದ ಮೂಲ ಪ್ರಮಾಣವನ್ನು ಬರೆದಿಡುವುದು ಅವಶ್ಯ.

ಯಾವ ವರ್ಷದ ಚಿತ್ರ?

ಭಾರತೀಯ ಸರ್ವೇಕ್ಷಣಾ ಇಲಾಖೆಯು ನಕ್ಷೆ ತಯಾರಿಕೆಗಾಗಿ ವೈಮಾನಿಕ ಚಿತ್ರಗಳನ್ನು ಬಳಸುತ್ತಾ ಬಂದಿದೆ. ಉಪಗ್ರಹ ಚಿತ್ರಗಳನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಒದಗಿಸುತ್ತದೆ. ಅದರ ಭುವನ್ ಜಾಲತಾಣವನ್ನು 2009ರಿಂದ ಸಾರ್ವಜನಿಕರು ನೋಡಬಹುದಾಗಿದೆ. 2005ರಲ್ಲಿ ಉಡಾಯಿಸಿದ ಕಾರ್ಟೊಸ್ಯಾಟ್-1 ಉಪಗ್ರಹವು 2.5 ಮೀಟರ್ ಸ್ಪಷ್ಟತೆಯ ಜೋಡಿ ಚಿತ್ರಗಳನ್ನು ತೆಗೆದಿದ್ದು, ಇವುಗಳಲ್ಲಿ ದೊಡ್ಡ ಬಾವಿಗಳು ಕಾಣಿಸುತ್ತವೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದಲೂ ಲಭ್ಯವಿದ್ದರೂ ಅವುಗಳ ಸ್ಪಷ್ಟತೆ ಮೊದಲು 80 ಮೀಟರ್, ಅನಂತರ 30 ಮೀಟರ್ ಆಗಿರುವುದರಿಂದ ಹಿನ್ನೀರಿನ ವಿಸ್ತಾರ ತಿಳಿಯಲು ಮಾತ್ರ ಉಪಯುಕ್ತ. ಬಾವಿಯ ವಿಷಯದಲ್ಲಿ ಅವು ನಿರರ್ಥಕ.

ಅಮೆರಿಕದ ಕರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ 8,60,000ಕ್ಕೂ ಹೆಚ್ಚು ಚಿತ್ರಗಳನ್ನು 1995ರಲ್ಲಿ ಬಹಿರಂಗಗೊಳಿಸಲಾಯಿತು. ಕೊನೆಯ ವರ್ಷಗಳ ಚಿತ್ರಗಳ ಸ್ಪಷ್ಟತೆ ಸುಮಾರು 1.8 ಮೀಟರ್. ಆನಂತರದ ಹೆಕ್ಸಾಗನ್ ಸರಣಿಯ ಚಿತ್ರಗಳೂ ಬಿಡುಗಡೆಯಾಗಿವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಜಾಲತಾಣದಲ್ಲಿ ಇವುಗಳನ್ನು ಹುಡುಕಬಹುದು. ಬಾಂಬು ಕುಳಿಗಳ ಹುಡುಕಾಟದಲ್ಲಿಯೂ ಇಂತಹ ಚಿತ್ರಗಳ ಬಳಕೆಯಾಗುತ್ತಿದೆ. ಕಾಂಬೋಡಿಯ ಮತ್ತು ವಿಯೆಟ್ನಾಂಗಳ ಹೊಲಗಳಲ್ಲಿ ಸಿಡಿಯದೆ ಉಳಿದ ಬಾಂಬುಗಳ ಅಪಾಯವನ್ನು ಅಂದಾಜಿಸಲು ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿನ ಕುಳಿಗಳನ್ನು ಗಣಕಯಂತ್ರದಿಂದ ಎಣಿಸಿದ್ದಾರೆ. ನಮ್ಮ ಅರ್ಜಿದಾರರಿಗೆ ಇವುಗಳ ಮಹತ್ವವೆಂದರೆ ಕಾಲ: ಆಲಮಟ್ಟಿಯ ಹಿನ್ನೀರು ಬರುವ ಮುನ್ನಿನ ನೆಲದ ರೂಪ ಇವುಗಳಲ್ಲಿದೆ. ತಮ್ಮ ಗ್ರಾಮದ ಮೇಲಿನ ಚಿತ್ರವಿದೆಯೇ, ಆ ದಿನ ಮೋಡವಿತ್ತೇ ಎಂಬುದನ್ನು ಮೊದಲು ನೋಡಿಕೊಂಡು ಮುಂದುವರಿಯುವುದು ಒಳಿತು.

ಹಿನ್ನೀರಿನ ಅಡಿಯ ಬಾವಿಗಳು

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಸರ್ವೋಚ್ಚ ನ್ಯಾಯಾಲಯದ 2000ದ ತೀರ್ಪಿನಂತೆ ಜಲಾಶಯದ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಾಧಿಕರಣವು 2010ರ ತನ್ನ ತೀರ್ಪಿನಲ್ಲಿ ಇದನ್ನು 524.256 ಮೀಟರಿಗೆ ಏರಿಸಲು ಅವಕಾಶ ನೀಡಿದೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಇರುವ ಬೀಳಗಿ ತಾಲ್ಲೂಕಿಗೆ ಈ ಎರಡು ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರ್ತಿ, ಹೆರಕಲ್ ಮೊದಲಾದ ನದಿದಂಡೆಯ ಊರುಗಳ ಜನರು ಮುಳುಗಡೆಯನ್ನು ಒಮ್ಮೆ ಕಂಡವರು.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗಡೆಯಾಗುವ ಜಮೀನಿಗೆ ಎಕರೆಗೆ ನೀರಾವರಿಯಾದಲ್ಲಿ 40 ಲಕ್ಷ ರೂಪಾಯಿ, ಒಣ ಬೇಸಾಯವಾದಲ್ಲಿ 30 ಲಕ್ಷ ರೂಪಾಯಿ ನೀಡಲು ತೀರ್ಮಾನಿಸಿತು. ಎಕರೆಗೆ 10 ಲಕ್ಷ ರೂಪಾಯಿಗಳ ಅಂತರ. ಪಹಣಿಯಲ್ಲಿ ನೀರಿನ ಮೂಲ ನಮೂದಾಗದೆ ಉಳಿದ ಜಮೀನಿನ ವಿಷಯದಲ್ಲಿ, ಚಿತ್ರದ ಒಂದು ಚುಕ್ಕೆಯು ಬಾವಿಯೋ ಕಣವೋ ಎಂಬ ಪ್ರಶ್ನೆಯ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟ. 2013ರ ಭೂಸ್ವಾಧೀನ ಕಾಯ್ದೆಯ 29ನೇ ಪ್ರಕರಣದಂತೆ ಜಮೀನಿಗೆ ಹೊಂದಿಕೊಂಡ ಕಟ್ಟಡ ಮತ್ತಿತರ ಸ್ಥಿರ ಆಸ್ತಿಗಳ ಮೌಲ್ಯವನ್ನೂ ನಿರ್ಧರಿಸಬೇಕಾಗುತ್ತದೆ. ಕಟ್ಟಿದ ಬಾವಿಯೂ ಅಂತಹ ಆಸ್ತಿಯೇ. ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಲು 15ನೇ ಪ್ರಕರಣ ಅವಕಾಶ ನೀಡುತ್ತದೆ. ಹಳೆಯ ಚಿತ್ರಗಳನ್ನು ಹುಡುಕಿ ತರಿಸಲು 60 ದಿನಗಳು ಸಾಲುವುದಿಲ್ಲವಾದುದರಿಂದ ಈ ಕೆಲಸವನ್ನು ಮುಂಚಿತವಾಗಿ ಮಾಡಿಕೊಳ್ಳುವುದು ಲೇಸು.

ಈಗಾಗಲೇ ನೀರಿನಡಿ ಇರುವ ಜಾಗಗಳ ಪರಿಶೀಲನೆಗೆ ಬೇಸಿಗೆಯ ಕೊನೆ ಸೂಕ್ತ ಕಾಲ. ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೆಯ ಊರುಗಳ ಅಡಿಪಾಯ, ದಾರಿ, ಬಾವಿಗಳ ಕಟ್ಟೆ ಮೇಲೇಳುತ್ತವೆ. ಹೂಳು ತುಂಬಿದ ಬಾವಿಯು ಆಳ ಕಳೆದುಕೊಂಡರೂ ಕಲ್ಲುಕಟ್ಟಡದ ಬಳೆಯನ್ನು ಉಳಿಸಿಕೊಂಡಿರುತ್ತದೆ. ಬಾಂಬು ಕುಳಿಗೆ ಇಂತಹ ಕಲ್ಲಿನ ಬಳೆ ಇರುವುದಿಲ್ಲ, ಕಣಕ್ಕೂ ಇರುವುದಿಲ್ಲ. ಆದರೆ ಸೂರ್ಯ ನೆತ್ತಿಗೆ ಬರುವ ಈ ತಿಂಗಳಲ್ಲಿ ನೆರಳಿನ ಸಹಾಯ ದೊರೆಯದೆಂಬುದನ್ನು ಮೇಲೆ ಹೇಳಲಾಗಿದೆ. ಆಕಾರವನ್ನು ಮೇ ತಿಂಗಳ ಚಿತ್ರದಿಂದಲೂ ಆಳವನ್ನು ಮುಳುಗಡೆಗೆ ಮುಂಚಿನ ಚಳಿಗಾಲದ ಚಿತ್ರದಿಂದಲೂ ಪಡೆಯುವುದು ಸರಿಯಾದ ಕ್ರಮ.

ಅರ್ಜಿಯೊಂದಿಗೆ ಚಿತ್ರವನ್ನು ಸಲ್ಲಿಸುವವರ ಗಮನಕ್ಕೆ

ಚಿತ್ರವು ಹದ್ದನ್ನು ನಿರ್ಧರಿಸುವುದಿಲ್ಲ. ದಿಶಾಂಕ್ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ತೋರುವ ಸರ್ವೆ ನಂಬರಿನ ಗೆರೆಗಳು ಮಾಹಿತಿಗಾಗಿ ಮಾತ್ರ. ಬಾವಿಯು ತಮ್ಮ ಹೊಲದಲ್ಲಿದೆಯೋ ಪಕ್ಕದ ಹೊಲದಲ್ಲಿದೆಯೋ ಎಂಬುದು ಟಿಪ್ಪಣಿ, ಆಕಾರಬಂದ್ ಮತ್ತು ಮೋಜಣಿದಾರರ ಅಳತೆಯಿಂದಲೇ ತೀರ್ಮಾನವಾಗಬೇಕು. ಗ್ರಾಮ ನಕ್ಷೆಯಲ್ಲಿ ಬಾವಿಯ ಚಿಹ್ನೆ ಇದೆಯೇ ಎಂಬುದನ್ನು ಚಿತ್ರ ತರಿಸುವ ಮೊದಲೇ ನೋಡಿದರೆ ಎಷ್ಟೋ ಸಂದರ್ಭಗಳಲ್ಲಿ ಖರ್ಚು ಉಳಿಯುತ್ತದೆ.

ಚಿತ್ರದ ಜೊತೆಗೆ ಅದನ್ನು ತೆಗೆದ ದಿನಾಂಕ, ಮೂಲ, ಪ್ರಮಾಣ ಅಥವಾ ಸ್ಪಷ್ಟತೆ ಮತ್ತು ಉತ್ತರ ದಿಕ್ಕನ್ನು ನಮೂದಿಸಬೇಕು. ದಿನಾಂಕವಿಲ್ಲದ ಚಿತ್ರದಿಂದ ಏನನ್ನೂ ಸಿದ್ಧಪಡಿಸಲಾಗದು. ಸಾಧ್ಯವಿದ್ದಲ್ಲಿ ಬೇರೆ ಬೇರೆ ವರ್ಷ ಅಥವಾ ಋತುವಿನ ಕನಿಷ್ಠ ಎರಡು ಚಿತ್ರಗಳಿರಲಿ. ಕೆಂಪು ಗೆರೆ ಎಳೆಯುವುದಿದ್ದರೆ ಒಂದು ಪ್ರತಿಯ ಮೇಲೆ ಎಳೆದು, ಗೆರೆಯಿಲ್ಲದ ಇನ್ನೊಂದು ಪ್ರತಿಯನ್ನು ಲಗತ್ತಿಸುವುದು ಉತ್ತಮ. ಗುರುತಿನ ಮೇಲೆಯೇ ಶಾಯಿ ಹರಿದು ಅದರ ಅಂಚು ಕಾಣದಂತಾದ ಚಿತ್ರದಿಂದ ಅರ್ಜಿದಾರರಿಗೇ ನಷ್ಟ. ಎತ್ತಿನ ದಾರಿ, ಕಾಲುವೆ, ತೋಟದ ಹಸಿರು ಇವುಗಳಲ್ಲಿ ಯಾವುದು ಕಾಣುತ್ತದೆಯೋ ಅದನ್ನು ಮಾತ್ರ ಬರೆಯಬೇಕು. ವಿದ್ಯುತ್ ಪಂಪಿನ ಸಂಪರ್ಕದ ಹಳೆಯ ಬಿಲ್ಲು, ಬಾವಿ ತೋಡಲು ಪಡೆದ ಸಾಲದ ಪತ್ರ ಇದ್ದಲ್ಲಿ ಅವು ಚಿತ್ರಕ್ಕೆ ಬಲ ನೀಡುತ್ತವೆ.

ಗುಂಡಿ ತೋಡುವಾಗ, ಹಿನ್ನೀರು ಇಳಿದ ಜಾಗದಲ್ಲಿ ಅಥವಾ ಗಣಿ ಪ್ರದೇಶದಲ್ಲಿ ಮದ್ದುಗುಂಡನ್ನು ಹೋಲುವ ಲೋಹದ ವಸ್ತುವಾಗಲಿ, ಸಿಡಿಯದೆ ಉಳಿದ ಗಣಿ ಸ್ಫೋಟಕವಾಗಲಿ ಕಂಡುಬಂದಲ್ಲಿ ಅದನ್ನು ಮುಟ್ಟದೆ, ಅಲುಗಿಸದೆ, ಮಕ್ಕಳು ಮತ್ತು ದನಕರುಗಳನ್ನು ದೂರವಿರಿಸಿ 112 ಸಂಖ್ಯೆಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.